ನೆಲದ ಮೇಲಿನ ಗಂಟೆಗಳು

ಹಾರಾಟ ಸಾವಿರದ ಐನೂರು ಗಂಟೆ ದಾಟಿತು ಎಂದು ಮೇಷ್ಟ್ರು ಇಡೀ ಆಫೀಸಿಗೆ ಚಾಕೊಲೇಟ್ ಹಂಚಿದ ಸೋಮವಾರವೇ ನಾನು ಅದರಲ್ಲಿ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಕಿತ್ತುಕೊಂಡೆ. ಅವರು ಕೊಟ್ಟ ಚಾಕೊಲೇಟ್ ಆಗಿನ್ನೂ ನನ್ನ ಬಾಯಲ್ಲೇ ಇತ್ತು.

ನಾನು ಈ ಫ್ಲೈಯಿಂಗ್ ಸ್ಕೂಲಿನ ರೆಕಾರ್ಡ್ಸ್ ನೋಡಿಕೊಳ್ಳುವವಳು. ಪೈಲಟ್‌ಗಳ ಲಾಗ್‌ಬುಕ್ ನನ್ನ ಮೇಜಿಗೆ ಬರುತ್ತದೆ. ಹಾರಿದ ಪ್ರತಿ ನಿಮಿಷವನ್ನೂ ವಿಮಾನದ ರಿಜಿಸ್ಟರ್ ಜೊತೆ ತಾಳೆ ನೋಡಿ ಸೀಲು ಒತ್ತುವುದು ನನ್ನ ಕೆಲಸ. ತಪ್ಪು ಕಂಡರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಹಾಗಾಗಿ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಕೆಂಪು ಪೆನ್ನು ಎನ್ನುತ್ತಾರೆ. ಮೇಷ್ಟ್ರು ಮಾತ್ರ ಎದುರಿಗೇ ಹೇಳುತ್ತಾರೆ, ಅದೂ ನಗುತ್ತಾ.

ಈ ಜನ ಒಂಥರಾ ವಿಚಿತ್ರ. ಹೊಸ ಪೈಲಟ್ ಬಂದರೆ ಹೆಸರು ಕೇಳುವ ಮೊದಲು ಎಷ್ಟು ಗಂಟೆ ಎಂದು ಕೇಳುತ್ತಾರೆ. ಇನ್ನೂರು ಗಂಟೆಯವನು ಎಂಟುನೂರರವನಿಗೆ ಎದ್ದು ಕುರ್ಚಿ ಬಿಡುತ್ತಾನೆ. ವರ್ಷ, ತಿಂಗಳು ಇವರಿಗೆ ನೆನಪಿರುವುದಿಲ್ಲ. ಮೇಷ್ಟ್ರನ್ನು ಅವರ ತಂಗಿಯ ಮದುವೆ ಯಾವಾಗಾಯಿತು ಎಂದು ಕೇಳಿ ನೋಡಿ, ಏಳುನೂರ ಹತ್ತರ ಹೊತ್ತಿಗೆ ಎನ್ನುತ್ತಾರೆ. ಏರ್‌ಲೈನ್ ಕೆಲಸಕ್ಕೆ ಸಾವಿರದ ಐನೂರು ಬೇಕು. ಅದನ್ನು ಕೂಡಿಸಲೆಂದೇ ಅವರು ಎರಡು ವರ್ಷದಿಂದ ಇಲ್ಲಿ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಅರ್ಜಿ ತಲುಪಲು ಶುಕ್ರವಾರ ಸಂಜೆ ಐದು ಗಂಟೆ ಕಡೆಯ ಗಡುವು.

ಆ ಎರಡು ವರ್ಷ ನಾನು ಕಿಟಕಿ ಪಕ್ಕದ ಕುರ್ಚಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕಾರಣ ನನ್ನ ಅಕ್ಕನಿಗೆ ಮಾತ್ರ ಗೊತ್ತಿತ್ತು.

ಅರ್ಜಿಗೆಂದು ಇಡೀ ಪುಸ್ತಕ ಮತ್ತೆ ನೋಡುವಾಗ ಸಿಕ್ಕ ತಪ್ಪು ಹೀಗಿತ್ತು. ಶಿಷ್ಯ ಮೊದಲ ಸಲ ಒಬ್ಬನೇ ಹಾರುವಾಗ ಕಲಿಸಿದವರು ರನ್‌ವೇ ಪಕ್ಕದಲ್ಲಿ ವಾಕಿಟಾಕಿ ಹಿಡಿದು ನಿಂತಿರುತ್ತಾರೆ. ಆ ಇಪ್ಪತ್ತು ನಿಮಿಷವನ್ನು ಮೇಷ್ಟ್ರು ತಮ್ಮ ಪುಸ್ತಕದಲ್ಲೂ ಬರೆದುಕೊಂಡಿದ್ದರು. ಅವರು ಕಲಿತ ಹಳೇ ಸ್ಕೂಲಿನಲ್ಲಿ ಹಾಗೇ ಬರೆಯುತ್ತಿದ್ದರಂತೆ. ಮೂವತ್ತನಾಲ್ಕು ಜನ ಶಿಷ್ಯರು, ತಲಾ ಇಪ್ಪತ್ತು ನಿಮಿಷ. ನಾನಿನ್ನೂ ಸಹಾಯಕಿಯಾಗಿದ್ದಾಗ ಸೀಲು ಹಾಕುತ್ತಿದ್ದವರು ಕಣ್ಣು ಮುಚ್ಚಿ ಒತ್ತಿಬಿಟ್ಟಿದ್ದರು. ಈಚಿನ ಪುಟಗಳಲ್ಲಿ, ಹೇಳಲು ನಾಚಿಕೆಯಾಗುತ್ತದೆ, ನಾನೂ ಒತ್ತಿದ್ದೆ. ಮೇಷ್ಟ್ರ ಅಕ್ಷರ ನೋಡುತ್ತಾ ಕೂತು ಅಂಕಿ ನೋಡಿರಲಿಲ್ಲ.

ಸುಮ್ಮನಿರಬಹುದಿತ್ತು. ಆದರೆ ಹಿಂದಿನ ವರ್ಷ ಇನ್ನೊಂದು ಸ್ಕೂಲಿನವನೊಬ್ಬನ ಪುಸ್ತಕದಲ್ಲಿ ಹೆಚ್ಚಿನ ಗಂಟೆ ಸಿಕ್ಕಿ, ಕೆಲಸ ಹೋಗುವುದಿರಲಿ, ಲೈಸೆನ್ಸೇ ಹೋಗಿತ್ತು. ಇವರಿಗೆ ಹಾಗಾದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. ಕರೆದು ಕೂರಿಸಿ, ಒಂದೊಂದಾಗಿ ಮೂವತ್ತನಾಲ್ಕು ಸಾಲು ತೋರಿಸಿದೆ.

ಅವರು ಕಡೆಯ ಸಾಲಿನವರೆಗೂ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಇವೇ ಮೇಡಂ ನನಗೆ ಅತಿ ಕಷ್ಟದ ಗಂಟೆಗಳು. ಹುಡುಗ ಮೇಲೆ, ನಾನು ಕೆಳಗೆ. ಅವನು ಇಳಿಯೋವರೆಗೂ ಉಸಿರು ಬಿಟ್ಟಿರಲ್ಲ."

"ಇರಬಹುದು ಸರ್. ಆದ್ರೆ ನೆಲದ ಮೇಲೆ ನಿಂತು ಕಾದದ್ದು ಲೆಕ್ಕಕ್ಕೆ ಬರಲ್ಲ."

ಅಷ್ಟು ಒರಟಾಗಿ ಹೇಳಬೇಕೆಂದಿರಲಿಲ್ಲ. ನನ್ನ ಬಾಯೇ ಹಾಗೆ.

ಅವರು ನನ್ನನ್ನೇ ನೋಡಿದರು. "ನಾನು ಇಲ್ಲಿಂದ ಹೋಗೋದು ನಿಮಗೆ ಇಷ್ಟ ಇಲ್ವಾ?"

ಇಷ್ಟವಿರಲಿಲ್ಲ, ಅದೇ ನಿಜ. ಆದರೆ ಅದಕ್ಕಾಗಿ ಕೆಂಪು ಪೆನ್ನು ಎತ್ತಿರಲಿಲ್ಲ, ಅದೂ ನಿಜ. ಎರಡನ್ನೂ ಒಟ್ಟಿಗೆ ಹೇಳಲು ಬಾರದೆ, ನೀವು ಹೋಗುವುದಕ್ಕೂ ಬಿಡುವುದಕ್ಕೂ ನನಗೂ ಏನು ಸಂಬಂಧ ಎಂದು ಸಿಡುಕಿ ಪುಸ್ತಕ ಅವರತ್ತ ತಳ್ಳಿಬಿಟ್ಟೆ. ಅವರು ಅದನ್ನು ಎದೆಗವಚಿಕೊಂಡು ಹೊರಟುಹೋದರು.

ಮಂಗಳವಾರ ಗಾಳಿ, ಬುಧವಾರವೂ ಗಾಳಿ. ವಿಮಾನಗಳನ್ನು ಹಗ್ಗ ಹಾಕಿ ಕಟ್ಟಿದ್ದರು. ಸೋಮವಾರ ಸಾವಿರದ ಐನೂರ ಮೂರಿದ್ದದ್ದು ಈಗ ಸಾವಿರದ ನಾನೂರ ತೊಂಬತ್ತೊಂದು ಗಂಟೆ ನಲವತ್ತು ನಿಮಿಷ. ಬೇಕಾದದ್ದು ಇನ್ನೂ ಎಂಟು ಗಂಟೆ ಇಪ್ಪತ್ತು ನಿಮಿಷ. ಮೇಷ್ಟ್ರು ಹ್ಯಾಂಗರ್ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು, ನಾನು ಕಿಟಕಿಯಿಂದ ಅವರನ್ನು ನೋಡುತ್ತಿದ್ದೆ. ಎರಡು ದಿನವೂ ನನ್ನ ಕಡೆ ತಿರುಗಲಿಲ್ಲ. ದಿನಾ ಟೀ ಕುಡಿಯಲು ನನ್ನ ಮೇಜಿನ ಅಂಚಿಗೆ ಒರಗಿ ನಿಲ್ಲುತ್ತಿದ್ದವರು ಮೆಷಿನ್ ಹತ್ತಿರವೇ ಕುಡಿದು ಕಪ್ಪು ಬಿಸಾಡಿದರು.

ಮನೆಯಲ್ಲಿ ಅಕ್ಕ ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದೆ. ಲೆಕ್ಕ ಸರಿಯಾಗಿಯೇ ಹೇಳಿದ್ದೀಯ, ಉಳಿದದ್ದನ್ನು ಯಾವಾಗ ಹೇಳುತ್ತೀಯ ಎಂದಳು. ಅವಳ ಮೇಲೂ ರೇಗಿದೆ. ಅವಳು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಗುರುವಾರ ಗಾಳಿ ನಿಂತಿತು. ಅವರು ಒಬ್ಬರಾದ ಮೇಲೆ ಒಬ್ಬರಂತೆ ಹುಡುಗರನ್ನು ಕೂರಿಸಿಕೊಂಡು ಐದು ಗಂಟೆ ಹಾರಿದರು. ಇನ್ನು ಉಳಿದದ್ದು ಮೂರು ಗಂಟೆ ಇಪ್ಪತ್ತು ನಿಮಿಷ. ಶುಕ್ರವಾರ ಬೆಳಿಗ್ಗೆ ದೂರದ ಏರ್‌ಸ್ಟ್ರಿಪ್ ಒಂದಕ್ಕೆ ಎಂಜಿನ್ ಬಿಡಿಭಾಗ ತಲುಪಿಸಬೇಕಿತ್ತು. ಹೋಗಲು ಒಂದು ಗಂಟೆ ಇಪ್ಪತ್ತು ನಿಮಿಷ, ಬರಲು ಅಷ್ಟೇ. ಮಿಕ್ಕ ನಲವತ್ತು ನಿಮಿಷ ಇಲ್ಲೇ ನಾಲ್ಕು ಸುತ್ತು ಹೊಡೆದು ತುಂಬಿಸುತ್ತೇನೆ ಎಂದು ಬೋರ್ಡಿನಲ್ಲಿ ಬರೆದು, ಟ್ಯಾಂಕ್ ಪೂರ್ತಿ ತುಂಬಿಸಿಕೊಂಡು ಹೊರಟರು. ಹೋಗುವಾಗ ಒಂದೇ ಒಂದು ಸಲ ಕಿಟಕಿಯ ಕಡೆ ನೋಡಿದರು. ನಾನು ಮೂರ್ಖಳ ಹಾಗೆ ತಲೆ ತಗ್ಗಿಸಿದೆ.

ಅಲ್ಲಿಂದ ಒಂದು ಇಪ್ಪತ್ತಕ್ಕೆ ವಾಪಸು ಹೊರಟರೆಂದು ಫೋನ್ ಬಂತು. ಎರಡು ನಲವತ್ತಕ್ಕೆ ಇಲ್ಲಿರಬೇಕು.

ಎರಡು ನಲವತ್ತಾಯಿತು. ಎರಡು ಐವತ್ತು. ಪಶ್ಚಿಮದಲ್ಲಿ ಮೋಡ ಗೋಡೆ ಕಟ್ಟಿದಂತೆ ಎದ್ದಿತ್ತು. ರೇಡಿಯೊ ರೂಮಿಗೆ ಹೋಗಿ ಕೇಳಿದೆ. ಸಿಗುತ್ತಿಲ್ಲ, ಗುಡ್ಡಗಳ ಆಚೆ ಇರಬೇಕು ಎಂದರು. ಮೂರಾಯಿತು. ಇಲ್ಲಿಯ ವಿಮಾನಗಳನ್ನೆಲ್ಲ ರಿಪೇರಿ ಮಾಡುವ ಮುದುಕ, ನಾವೆಲ್ಲ ಸ್ಪ್ಯಾನರ್ ತಾತ ಎನ್ನುವವರು, ಬಂದು ಕಿಟಕಿ ಹತ್ತಿರ ನನ್ನ ಪಕ್ಕ ನಿಂತರು.

"ಎಂಜಿನ್ ನಾನೇ ನೋಡಿರೋದಮ್ಮ. ಎಣ್ಣೆ ನಾಲ್ಕೂವರೆ ಗಂಟೆ ಹಾರೋವಷ್ಟು ತುಂಬಿಸಿದ್ದ. ಸುತ್ತಿಕೊಂಡು ಬರ್ತಿದ್ದಾನೆ, ಅಷ್ಟೇ."

ತಲೆಯಾಡಿಸಿದೆ. ಮೂರು ಹತ್ತು. ನನಗೇಕೆ ಬೇಕಿತ್ತು ಆ ಕೆಂಪು ಪೆನ್ನು ಎನಿಸಿತು. ನಾನು ಸುಮ್ಮನಿದ್ದಿದ್ದರೆ ಅವರು ಈ ಹೊತ್ತಿಗೆ ಕ್ಯಾಂಟೀನಿನಲ್ಲಿ ಕೂತು ಯಾರನ್ನೋ ಕಿಚಾಯಿಸುತ್ತಿದ್ದರು. ಕೆಲಸ ಹಾಳಾಗಿ ಹೋಗಲಿ, ಲೈಸೆನ್ಸ್ ಹೋಗಲಿ, ಮನುಷ್ಯ ನೆಲಕ್ಕೆ ಇಳಿದರೆ ಸಾಕು ಎಂದುಕೊಂಡೆ. ಅವರ ಮೂವತ್ತನಾಲ್ಕು ಸಾಲುಗಳು ಆಗ ನನಗೆ ಅರ್ಥವಾದವು. ಒಂದೊಂದರಲ್ಲೂ ಅವರು ಹೀಗೇ ನಿಂತಿದ್ದರು.

ಮೂರು ಇಪ್ಪತ್ತೈದಕ್ಕೆ ತಾತ ಕೈ ಎತ್ತಿದರು. ನನಗಿನ್ನೂ ಏನೂ ಕೇಳಿಸಿರಲಿಲ್ಲ. ಆಮೇಲೆ ಕೇಳಿಸಿತು, ಸಣ್ಣಗೆ, ದಕ್ಷಿಣದ ಕಡೆಯಿಂದ. ಮೂರೂವರೆಗೆ ಸರಿಯಾಗಿ ಚಕ್ರಗಳು ನೆಲ ಮುಟ್ಟಿದವು. ಹೋದ ಜೀವ ಬಂದಂತಾಯಿತು. ತಾತನ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ಗ್ರೀಸ್ ಕೈಯಲ್ಲೇ ತಲೆ ಸವರಿದರು, ಕೂದಲಿಗೆಲ್ಲ ಮೆತ್ತಿತು.

ಮೇಷ್ಟ್ರು ಒಳಗೆ ಬಂದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ಅಂಗಿ ಬೆವರಿನಲ್ಲಿ ಒದ್ದೆ, ಕೂದಲು ಚೆಲ್ಲಾಪಿಲ್ಲಿ. ಮೋಡ ದಾರಿಗೆ ಅಡ್ಡ ಬಂತು, ಸುತ್ತು ಹಾಕಿಕೊಂಡು ಬಂದೆ ಎಂದು ನೆಲ ನೋಡುತ್ತಾ ಹೇಳಿದರು. ಐದಕ್ಕೆ ಮುಂಚೆ ಇನ್ನು ನಲವತ್ತು ನಿಮಿಷ ಹಾರಲು ಈ ಹವಾಮಾನದಲ್ಲಿ ಬಿಡುವುದಿಲ್ಲ, ಅರ್ಜಿಯ ಕಥೆ ಮುಗಿಯಿತು ಬಿಡಿ ಎಂದರು.

ನಾನು ಪುಸ್ತಕ ಎಳೆದುಕೊಂಡೆ. ಹೋಗುವಾಗ ಒಂದು ಗಂಟೆ ಇಪ್ಪತ್ತು ನಿಮಿಷ. ಬರುವಾಗ ಎರಡು ಗಂಟೆ ಹತ್ತು ನಿಮಿಷ. ಎರಡು ಸಲ ಕೂಡಿದೆ, ಮೂರನೆಯ ಸಲ ಬೆರಳಿನಲ್ಲಿ ಎಣಿಸಿದೆ.

"ಸರ್, ಸಾವಿರದ ಐನೂರು ಗಂಟೆ ಹತ್ತು ನಿಮಿಷ."

ಅವರು ಬಾಗಿ ನೋಡಿದರು. ತಡವಾದ ಆ ಐವತ್ತು ನಿಮಿಷವೇ ಕೊರತೆ ತುಂಬಿಸಿ ಹತ್ತು ನಿಮಿಷ ಉಳಿಸಿತ್ತು. ಇಬ್ಬರಿಗೂ ನಗು ಬಂತು, ತಡೆಯಲಾಗದಂಥ ನಗು. ಅವರು ಎದುರಿನ ಕುರ್ಚಿಯಲ್ಲಿ ಧಪ್ಪನೆ ಕೂತರು. ನಾನು ಸೀಲು ಒತ್ತಿ, ಸ್ಕ್ಯಾನ್ ಮಾಡಿ, ನಾಲ್ಕು ಗಂಟೆ ಐದು ನಿಮಿಷಕ್ಕೆ ಅರ್ಜಿ ಕಳಿಸಿದೆ. ತಲುಪಿತು ಎಂದು ಉತ್ತರವೂ ಬಂತು.

ಆಗ ಅವರ ಕಣ್ಣು ನನ್ನ ಕೂದಲಿನ ಗ್ರೀಸ್ ಮೇಲೆ ಬಿತ್ತು. ಅಲ್ಲಿಂದ ಕೆಂಪಗಾದ ನನ್ನ ಕಣ್ಣಿಗೆ ಬಂತು.

"ಆ ಐವತ್ತು ನಿಮಿಷ ನೀವು ಎಲ್ಲಿದ್ರಿ?"

"ಕಿಟಕಿ ಹತ್ರ."

"ಅದು ಲೆಕ್ಕಕ್ಕೆ ಬರಲ್ಲ ಅಂದಿದ್ರಿ."

ಇನ್ನು ಅಡಗಿಸಿಡುವ ಶಕ್ತಿ ಇರಲಿಲ್ಲ. "ಬರೋದಾಗಿದ್ರೆ ನನ್ನ ಹತ್ರ ಎರಡು ವರ್ಷದ್ದು ಇದೆ," ಎಂದೆ. "ನೀವು ಹೋಗೋದು ನನಗೆ ಇಷ್ಟ ಇಲ್ಲ. ಆದ್ರೆ ತಪ್ಪು ಲೆಕ್ಕ ಇಟ್ಕೊಂಡು ಹೋಗೋದು ಅದಕ್ಕಿಂತ್ಲೂ ಬೇಡವಾಗಿತ್ತು."

ಅವರು ನನ್ನ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಕೈಯಲ್ಲಿ ತಿರುಗಿಸುತ್ತಿದ್ದರು.

"ಸೋಮವಾರ ಹಾಗೆ ಕೇಳಿದ್ದು ಸಿಟ್ಟಿಗಲ್ಲ," ಎಂದರು ಕಡೆಗೆ. "ಇಷ್ಟ ಇಲ್ಲ ಅಂತ ನೀವು ಹೇಳಲಿ ಅಂತ ಕೇಳಿದೆ. ನೀವು ಪುಸ್ತಕ ತಳ್ಳಿದ್ರಿ."

"ಯಾವಾಗಿಂದ?" ಎಂದು ಕೇಳಿದೆ.

"ಒಂಬೈನೂರ ನಲವತ್ತರಿಂದ. ಪೆನ್ಸಿಲಲ್ಲಿ ಬರೆದೆ ಅಂತ ಇಡೀ ಪುಟ ತಿರುಗಿ ಬರೆಸಿದ್ರಲ್ಲ, ಅವತ್ತಿಂದ."

ಆ ಪುಟ ನನಗೆ ಚೆನ್ನಾಗಿ ನೆನಪಿತ್ತು. ತೆಗೆದು ನೋಡಿದೆ. ಆ ಪುಟದ ಹೊತ್ತಿಗೆ ಹದಿನಾಲ್ಕು ಜನ ಹುಡುಗರು ಒಂಟಿಯಾಗಿ ಹಾರಿದ್ದರು.

"ಒಂಬೈನೂರ ನಲವತ್ತಲ್ಲ," ಎಂದೆ. "ಒಂಬೈನೂರ ಮೂವತ್ತೈದು ಗಂಟೆ ಇಪ್ಪತ್ತು ನಿಮಿಷ."

ಅವರು ಎಷ್ಟು ನಕ್ಕರೆಂದರೆ ರೇಡಿಯೊ ರೂಮಿನವರು ಇಣುಕಿ ನೋಡಿದರು. ನಗುತ್ತಲೇ ಕೆಂಪು ಪೆನ್ನನ್ನು ನನ್ನ ಕೈಗಿಟ್ಟರು, ಆ ಕೈಯನ್ನು ಬಿಡಲಿಲ್ಲ.

"ಕೆಲಸ ಸಿಕ್ಕಿದ್ರೆ ಆರು ತಿಂಗಳು ಟ್ರೈನಿಂಗ್. ಆಮೇಲೆ ನಿನ್ನ ಅಕ್ಕನ ಹತ್ರ ಬಂದು ಕೇಳ್ತೀನಿ. ಅಲ್ಲಿವರೆಗೂ ಕಾಯ್ತೀಯಾ?"

ನೀವು ಹೋಗಿ ನೀನು ಬಂದದ್ದನ್ನು ಇಬ್ಬರೂ ಗಮನಿಸಿದೆವು, ಇಬ್ಬರೂ ತಿದ್ದಲಿಲ್ಲ.

"ಕಾಯ್ತೀನಿ," ಎಂದೆ. "ಆದ್ರೆ ಈ ಸಲ ಎಲ್ಲಾನೂ ಬರೆದಿಡ್ತೀನಿ. ವಾಪಸು ಬಂದಾಗ ನೀವೇ ಸೀಲು ಒತ್ತಬೇಕು."