ಖಾಲಿ ಬಿಟ್ಟ ಇಸವಿ

ಅವನು ನನ್ನನ್ನು ಮೊದಲು ಕಂಡದ್ದು ಸಮಾಧಿಯ ಕಲ್ಲಿನ ಮೇಲೆ. ಆಮೇಲೆ ಬಂದು ನಮ್ಮ ಮನೆಯ ಬಾಗಿಲು ಬಡಿದ.

ಏಪ್ರಿಲ್ ತಿಂಗಳು. ಸಮುದ್ರದ ಕಡೆಯಿಂದ ಮೂಳೆ ಕೊರೆಯುವ ಗಾಳಿ. ಬಾಗಿಲು ತೆಗೆದರೆ ಎತ್ತರದ ಮನುಷ್ಯನೊಬ್ಬ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಹುಬ್ಬಿನ ತುಂಬ ಕಲ್ಲಿನ ಪುಡಿ.

"ಚರ್ಚಿನ ಕೀಲಿಕೈ ಇಲ್ಲಿ ಸಿಗುತ್ತೆ ಅಂತ ಬೋರ್ಡು ಹಾಕಿದ್ದಾರೆ. ನಾನು ಎಡ್ಮಂಡ್ ಫಾರೋ. ಗೋಪುರದ ರಿಪೇರಿಗೆ ಹಳೇ ಚರ್ಚುಗಳ ಟ್ರಸ್ಟಿನವರು ಕಳಿಸಿದ್ದಾರೆ."

"ಎರಡೂ ಕೈ ಚಾಚಿ. ಕೀಲಿಕೈ ಭಾರ ಇದೆ."

ಅವನು ನಗುತ್ತಾ ಚಾಚಿದ. ಆಮೇಲೆ ದನಿ ತಗ್ಗಿಸಿದ. "ಒಂದು ಮಾತು. ದಕ್ಷಿಣದ ಗೋಡೆ ಪಕ್ಕ ಒಂದು ಕಲ್ಲಿದೆಯಲ್ಲ, ಕ್ಲೆಮೆಂಟ್ ಲಾರ್ವುಡ್ ಅಂತ? ಕೆಳಗೆ ಅವನ ಹೆಂಡತಿ ಮೆರಿಯಲ್. ಆಯಮ್ಮ ಹುಟ್ಟಿದ ಇಸವಿ ಇದೆ, ಒಂದು ಗೀಟು ಇದೆ, ಆಮೇಲೆ ಖಾಲಿ. ಸತ್ತ ಇಸವಿ ಕೆತ್ತೋದೇ ಮರೆತಿದ್ದಾರೆ, ಪಾಪ. ಮನೆಯವರು ಯಾರಾದ್ರೂ ಇದ್ರೆ ಹೇಳಿ, ನಾನೇ ಕೆತ್ತಿಕೊಡ್ತೀನಿ."

"ಅಷ್ಟು ಅವಸರ ಮಾಡಬೇಡಿ," ಎಂದೆ. "ಆಯಮ್ಮ ನಾನೇ."

ಅವನ ಮುಖ ಕಿವಿಯವರೆಗೆ ಕೆಂಪಾಯಿತು. ಕೀಲಿಕೈ ಅವನ ಕಾಲ ಮೇಲೆ ಬಿತ್ತು. ಆರು ವರ್ಷದಲ್ಲಿ ಮೊದಲ ಸಲ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗಿನಿಂದ ಅತ್ತೆ, "ಯಾರದು ಅಷ್ಟು ನಗಿಸ್ತಿರೋದು?" ಎಂದು ಕೇಳಿದರು. ಆ ದನಿಯಲ್ಲಿ ಸಂತೋಷ ಇರಲಿಲ್ಲ.

ಕ್ಲೆಮೆಂಟ್ ನನ್ನ ಗಂಡ. ಟ್ರ್ಯಾಕ್ಟರ್ ಜೌಗಿನ ಕಾಲುವೆಗೆ ಮಗುಚಿ ತೀರಿಹೋದ. ನಾನು ಹಾಸಿಗೆ ಬಿಟ್ಟು ಏಳದೆ ಬಿದ್ದಿದ್ದ ದಿನಗಳಲ್ಲಿ ಅತ್ತೆ ವಿನಿಫ್ರೆಡ್ ಒಬ್ಬರೇ ಹೋಗಿ ಕಲ್ಲು ಮಾಡಿಸಿದರು. ನಿಲ್ಲಿಸುವ ದಿನ ಹೋಗಿ ನೋಡಿದರೆ ಮಗನ ಹೆಸರಿನ ಕೆಳಗೆ ಸೊಸೆಯೂ ಇದ್ದಾಳೆ. ಆಗ ನನಗೆ ಇಪ್ಪತ್ತೊಂಬತ್ತು. ಊರಿನವರು ಕರವಸ್ತ್ರ ಒತ್ತಿಕೊಂಡು, ಎಂಥ ಪ್ರೀತಿ ಎಂದರು. ಪ್ರೀತಿಯೇ ಇರಬಹುದು. ಆದರೆ ಕಲ್ಲಿನಲ್ಲಿ ಹೆಸರಿರುವ ಹೆಣ್ಣನ್ನು ಪಬ್ಬಿನಲ್ಲಿ ಯಾರು ಡ್ಯಾನ್ಸಿಗೆ ಕರೆಯುತ್ತಾರೆ? ನಾನು ಅಂಗಡಿಗೆ ಹೋದರೂ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಮನೆ ಅತ್ತೆಯದು. ಚರ್ಚಿನ ಎದುರಿಗೇ ಇರುವುದರಿಂದ ಕೀಲಿಕೈ ತಲೆಮಾರುಗಳಿಂದ ಇದೇ ಮನೆಯಲ್ಲಿ ಮೊಳೆಗೆ ತೂಗುತ್ತಿದೆ. ಸಂತ ಬೊಟಾಲ್ಫನ ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ನಿಂತು ನನ್ನ ವಯಸ್ಸಿನಷ್ಟೇ ಕಾಲವಾಯಿತು. ವರ್ಷಕ್ಕೊಮ್ಮೆ ಸುಗ್ಗಿಯ ಹಾಡು, ಯಾರಾದರೂ ಹೋದರೆ ಮಣ್ಣು, ಅಷ್ಟೇ. ಉಳಿದ ದಿನವೆಲ್ಲ ಬಾವಲಿಗಳದ್ದೇ ಸಭೆ.

ನಾನು ದಿನಾ ಮಧ್ಯಾಹ್ನ ಅವನಿಗೆ ಚಹಾ ಒಯ್ಯತೊಡಗಿದೆ. ಮೊದಲು ಮರ್ಯಾದೆಗೆ, ಆಮೇಲೆ ಅವನ ಮಾತಿಗೆ.

"ಈ ಗೋಪುರ ಯಾಕೆ ಗುಂಡಗಿದೆ ಗೊತ್ತಾ?" ಎಂದು ಅಟ್ಟಣಿಗೆಯ ಮೇಲಿನಿಂದ ಕೇಳಿದ.

"ದೆವ್ವ ಅಡಗೋಕೆ ಮೂಲೆ ಸಿಗಬಾರದು ಅಂತ. ಅತ್ತೆ ಹೇಳ್ತಾರೆ."

"ನಿಮ್ಮ ಕಡೆ ಚಕಮಕಿ ಕಲ್ಲು ಬಿಟ್ರೆ ಬೇರೆ ಕಲ್ಲೇ ಹುಟ್ಟಲ್ಲ. ಅದರಲ್ಲಿ ಮೂಲೆ ನಿಲ್ಲಿಸೋದು ಕಷ್ಟ, ಬೇರೆ ಕಲ್ಲು ತರಿಸೋಕೆ ದುಡ್ಡಿಲ್ಲ. ದೆವ್ವಕ್ಕಿಂತ ಬಡತನ ದೊಡ್ಡದು."

"ಸರಿ, ಪೂರ್ವದ ಪೀಠದ ಕಡೆ ಯಾಕೆ ಓರೆ ಇದೆ? ಶಿಲುಬೆ ಮೇಲೆ ಯೇಸು ತಲೆ ವಾಲಿಸಿದ ಹಾಗೆ ಅಂತ ಚಿಕ್ಕಂದಿನಿಂದ ಕೇಳಿದ್ದೀನಿ. ಅದನ್ನೂ ಹಾಳು ಮಾಡಿ."

"ಪಾಯ ಹಾಕುವಾಗ ಅಳತೆ ಹಗ್ಗ ನೆಟ್ಟಗೆ ಎಳೀಲಿಲ್ಲ, ಅಷ್ಟೆ."

"ನಿಮಗೆ ಭಕ್ತಿ ಅನ್ನೋದೇ ಇಲ್ಲ."

"ತಪ್ಪು ಅಳತೆ ಏಳುನೂರು ವರ್ಷ ನಿಂತಿದೆಯಲ್ಲ, ಅದರ ಮೇಲೆ ತುಂಬ ಭಕ್ತಿ ಇದೆ," ಎಂದು ಅವನು ಕೆಳಗೆ ಬಗ್ಗಿ ನನ್ನನ್ನೇ ನೋಡಿದ. ರೆಪ್ಪೆಯ ತುದಿಯಲ್ಲಿ ಸುಣ್ಣದ ಪುಡಿ. ಕಣ್ಣು ಮಿಟುಕಿಸಿದಾಗ ಅದು ಸಣ್ಣಗೆ ಉದುರಿತು. ನಾನು ಚಹಾ ತಣ್ಣಗಾಗುತ್ತದೆಂದು ಗದರಿಸಿ ಬಂದುಬಿಟ್ಟೆ. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ನಾಚಿಕೆಯಾಯಿತು.

ಉತ್ತರದ ಗೋಡೆಯಲ್ಲಿ ಅರ್ಧ ಹೂತ ಕಂಬಗಳಿವೆ. ನಾನು ಅವನ್ನು ಬರೀ ಗೋಡೆಯ ಉಬ್ಬು ಎಂದುಕೊಂಡಿದ್ದೆ. ಅವನು ನನ್ನ ಕೈ ಹಿಡಿದು ಕಮಾನಿನ ಗೆರೆಯ ಮೇಲೆ ಎಳೆದ. ಅಲ್ಲಿ ಇನ್ನೊಂದು ಪಡಸಾಲೆಯೇ ಇತ್ತಂತೆ. ಉಣ್ಣೆಯಲ್ಲಿ ದುಡ್ಡು ಕಂಡವರು ಕಟ್ಟಿಸಿದರು, ಊರು ಸೊರಗಿದ ಮೇಲೆ ಮೊಮ್ಮಕ್ಕಳ ಮಕ್ಕಳು ಸೋರುವ ಮಾಡು ಸರಿಮಾಡಲಾಗದೆ ಕೆಡವಿ, ಕಮಾನುಗಳ ಬಾಯಿ ಮುಚ್ಚಿದರು.

"ಅಂದ್ರೆ ಅರ್ಧ ಚರ್ಚು ಸತ್ತಿದೆ," ಎಂದೆ.

"ಅರ್ಧ ಬದುಕಿದೆ." ಅವನು ಕೈ ಬಿಡಲಿಲ್ಲ. "ನನ್ನ ಹೆಂಡತಿ ಜೂಡಿತ್ ಹೋಗಿ ಒಂಬತ್ತು ವರ್ಷ ಆಯ್ತು. ಅದಕ್ಕೇ ಈ ಥರ ಗೋಡೆ ಕಂಡ್ರೆ ನನಗೆ ಅರ್ಥ ಆಗುತ್ತೆ."

ಪೀಠದ ಮುಂದಿನ ಮರದ ತಡಿಕೆಯ ಮೇಲೆ ಸಂತರ ಸಾಲು ಬಿಡಿಸಿದ್ದಾರೆ. ಚಿತ್ರಪೂಜೆ ಪಾಪವೆಂದು ಹಿಂದೊಬ್ಬ ರಾಜನ ಕಾಲದಲ್ಲಿ ಎಲ್ಲರ ಮುಖವನ್ನೂ ಚೂರಿಯಲ್ಲಿ ಕೆರೆದು ಹೋಗಿದ್ದರು. ಒಬ್ಬಳು ಮಾತ್ರ ಉಳಿದಿದ್ದಾಳೆ, ಇಕ್ಕಳದಲ್ಲಿ ಹಲ್ಲು ಹಿಡಿದ ಅಪೊಲೋನಿಯಾ, ಹಲ್ಲುನೋವಿನವರು ಬೇಡಿಕೊಳ್ಳುವ ಸಂತಳು.

"ಇವಳನ್ನ ಯಾಕೆ ಬಿಟ್ರು?"

"ಕೆರೆಯೋಕೆ ಬಂದೋನಿಗೆ ಆವತ್ತು ಹಲ್ಲುನೋವಿತ್ತೇನೋ," ಎಂದು ಅವನು ದವಡೆ ಹಿಡಿದು ನರಳಿದ. ನಾನು ನಕ್ಕೆ. ಅವನು ಮಾತ್ರ ಆ ಕೆರೆದ ಮುಖಗಳ ಮುಂದೆ ಗಂಭೀರನಾದ. "ನಮ್ಮ ಕಸುಬಿನಲ್ಲಿ ಒಂದೇ ಪಾಪ, ಮೆರಿಯಲ್. ಆಸರೆ ಕೊಡಬಹುದು, ಹೊಸದು ಸೇರಿಸಬಹುದು. ಇದ್ದದ್ದನ್ನ ಕೆರೆದು ಹಾಕಬಾರದು. ನಾನು ಇವತ್ತಿನವರೆಗೂ ಒಂದಕ್ಷರ ಕೆರೆದಿಲ್ಲ."

ಜುಲೈ ಕೊನೆಗೆ ಗೋಪುರದ ಬಿರುಕು ಮುಚ್ಚಿತು. ಆ ದಿನ ಮಳೆಗೆ ಇಬ್ಬರೂ ಮುಖಮಂಟಪದಲ್ಲಿ ನಿಂತು ಏಡಿಯ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆವು.

"ಹಳೇ ಕಾಲದಲ್ಲಿ ಮದುವೆ ಮಾತು ಕೊಡ್ತಿದ್ದದ್ದು ಚರ್ಚಿನ ಒಳಗಲ್ಲ," ಎಂದ. "ಇಲ್ಲೇ, ಈ ಬಾಗಿಲಲ್ಲಿ. ಊರವರೆಲ್ಲ ನೋಡೋ ಹಾಗೆ. ಮಾತು ಮುಗಿದ ಮೇಲೆ ಒಳಗೆ ಹೋಗ್ತಿದ್ರು."

"ಈಗ ಒಳಗೆ ಮದುವೆ ಮಾಡೋ ಹಾಗಿಲ್ಲ. ಮುಚ್ಚಿದ ಚರ್ಚು."

"ಒಳಗಿನ ವಿಷಯ ಯಾರು ಕೇಳಿದ್ರು? ಬಾಗಿಲು ಇದೆಯಲ್ಲ." ಅವನ ತುಟಿಯ ಪಕ್ಕ ಬೆಣ್ಣೆ ಅಂಟಿತ್ತು. "ನನ್ನ ಜೊತೆ ಬರ್ತೀಯಾ, ಮೆರಿಯಲ್?"

ಅದುವರೆಗೆ 'ನೀವು' ಎನ್ನುತ್ತಿದ್ದವನು ಮೊದಲ ಸಲ 'ನೀನು' ಎಂದಿದ್ದ. ನನಗೆ ಅಲ್ಲೇ ಹೂಂ ಎನ್ನಬೇಕೆನಿಸಿತು. ಆದರೆ ಮಳೆಯಾಚೆ ಆ ಕಲ್ಲು ಕಾಣುತ್ತಿತ್ತು.

"ಬರ್ತೀನಿ. ಮೊದಲು ನನ್ನನ್ನ ಅಲ್ಲಿಂದ ಎಬ್ಬಿಸು. ಅಲ್ಲಿ ಒಬ್ಬಳು ಮಲಗಿ ಕಾಯ್ತಿರುವಾಗ ಇಲ್ಲಿ ಇನ್ನೊಬ್ಬಳು ಹೇಗೆ ಮದುವೆ ಆಗ್ತಾಳೆ?"

ಅವನ ಮುಖ ಸಪ್ಪಗಾಯಿತು. ಉಳಿದ ಸ್ಯಾಂಡ್‌ವಿಚ್ ಕೆಳಗಿಟ್ಟು, "ನಿಮ್ಮತ್ತೆ ಒಪ್ಪಿದರೆ ಕೆರೀತೀನಿ. ನಿನಗೋಸ್ಕರ," ಎಂದ.

ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಬೆರಳು ನಿಲ್ಲಲಿಲ್ಲ.

"ಹುಬ್ಬಿನ ತುಂಬ ಪುಡಿ ಇರ್ತದಲ್ಲ, ಅವನಾ?"

"ಹೌದು ಅತ್ತೆ."

"ನಿನ್ನ ಮಾವನ್ನ ಸಮುದ್ರ ತಗೊಂಡಿತು. ಅವರಿಗೆ ಕಲ್ಲಿಲ್ಲ, ಮಣ್ಣಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಮಗನಾದ್ರೂ ಒಬ್ಬನೇ ಇರಬಾರದು ಅಂತ ನಿನ್ನ ಹೆಸರು ಹಾಕಿಸಿದೆ." ಅವರು ಒಂದು ಸಿಪ್ಪೆಯನ್ನು ಕೈಯಲ್ಲೇ ಹಿಸುಕಿದರು. "ನೀನಿನ್ನೂ ಬದುಕಿದ್ದೀಯ ಅನ್ನೋದೇ ನನಗೆ ಹೊಳೀಲಿಲ್ಲ, ಮಗಳೇ. ತೆಗೆಸು."

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಬಟಾಣಿಯೆಲ್ಲ ನೆಲದ ಮೇಲೆ ಚೆಲ್ಲಿತು. "ಅಳೋದು ಆಮೇಲೆ, ಮೊದಲು ಅದನ್ನ ಆರಿಸು," ಎಂದು ಅವರು ಬೈದರು.

ಬಿಷಪ್ಪರ ಕಚೇರಿಯ ಒಪ್ಪಿಗೆ ಬಂದ ಮೇಲೆ ಎಡ್ಮಂಡ್ ಕಲ್ಲಿನ ಮುಂದೆ ಮೊಣಕಾಲೂರಿದ. ಕೆತ್ತಿದ ಅಕ್ಷರವನ್ನು ತುಂಬಿ ಮುಚ್ಚಲಾಗುವುದಿಲ್ಲ. ಅದು ಎಷ್ಟು ಆಳಕ್ಕಿದೆಯೋ ಅಷ್ಟೂ ಆಳಕ್ಕೆ ಸುತ್ತಲಿನ ಕಲ್ಲನ್ನು ಇಳಿಸಬೇಕು. ಮಧ್ಯಾಹ್ನವೆಲ್ಲ ಉಳಿಯ ಸದ್ದು. ಮೊದಲು ಗೀಟು ಹೋಯಿತು, ಆಮೇಲೆ ನಾನು ಹುಟ್ಟಿದ ಇಸವಿ, ಕೊನೆಗೆ ನಾನು. ಕ್ಲೆಮೆಂಟನ ಹೆಸರಿನ ಕೆಳಗೆ ಅಂಗೈಯಗಲದ ಒಂದು ಉದ್ದನೆಯ ನುಣುಪು ತಗ್ಗು ಉಳಿಯಿತು. ಪುಡಿ ನನ್ನ ತೋಳಿಗೆಲ್ಲ ಹಾರಿ ಬಿತ್ತು. ಎಡ್ಮಂಡನ ಕಣ್ಣು ಒದ್ದೆಯಾಗಿತ್ತು. ಅಂಥ ನೇಮ ಮುರಿದವನಿಗೆ ನಾನು ಎಲ್ಲರೆದುರೇ ಮುತ್ತು ಕೊಟ್ಟೆ. ಎಲ್ಲರೂ ಅಂದರೆ ಅತ್ತೆ ಮತ್ತು ಎರಡು ಕುರಿಗಳು.

ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಮುಂದಿನ ಭಾನುವಾರ ಅವನ ಊರಿಗೆ ಹೋದೆವು. ಅವನ ಮನೆ, ಅವನ ಕೊಟ್ಟಿಗೆಯಂಥ ಕೆಲಸದ ಕೋಣೆ, ಹಿತ್ತಿಲಿನ ಸೇಬಿನ ಮರ, ಎಲ್ಲ ನೋಡಿದೆ. ಪರದೆ ಯಾವ ಬಣ್ಣದ್ದು ಹಾಕಬೇಕೆಂದೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವಾಪಸು ಹೊರಡುವಾಗ, "ಜೂಡಿತ್‌ಗೆ ಹೂವು ಇಟ್ಟು ಬರ್ತೀನಿ, ನೀನು ಕಾರಿನಲ್ಲೇ ಇರು, ಗಾಳಿ ಇದೆ," ಎಂದ. ನಾನು ಕೇಳಲಿಲ್ಲ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವಳಲ್ಲ ಎಂದು ತೋರಿಸಬೇಕಿತ್ತು ನನಗೆ.

ಕಪ್ಪು ಸ್ಲೇಟಿನ ಕಲ್ಲು. ಅಂಥ ಅಕ್ಷರಗಳನ್ನು ನಾನು ಎಲ್ಲೂ ನೋಡಿಲ್ಲ, ಹಳ್ಳದ ನೀರಿನಂತೆ ಹರಿಯುತ್ತಿದ್ದವು. ಜೂಡಿತ್. ಅದರ ಕೆಳಗೆ ಅಷ್ಟೇ ಮುದ್ದಾಗಿ, ಅವಳ ಗಂಡ ಎಡ್ಮಂಡ್. ಹುಟ್ಟಿದ ಇಸವಿ. ಒಂದು ಗೀಟು. ಆಮೇಲೆ ಖಾಲಿ.

ಅವನು ಬಗ್ಗಿಕೊಂಡು ಹೂವನ್ನು ಮತ್ತೆ ಮತ್ತೆ ಸರಿಪಡಿಸುತ್ತಿದ್ದ.

"ಯಾರು ಕೆತ್ತಿದ್ದು?"

"ನಾನೇ. ಅವಳು ಹೋದ ಚಳಿಗಾಲದಲ್ಲಿ." ಅವನು ತಲೆ ಎತ್ತಲಿಲ್ಲ. "ಬದುಕಿರೋರ ಹೆಸರು ಕೆತ್ತೋ ಹುಚ್ಚು ನನಗೊಬ್ಬನಿಗೇ ಅಂದುಕೊಂಡಿದ್ದೆ. ಅದಕ್ಕೇ ಅವತ್ತು ನಿನ್ನ ಕಲ್ಲು ನೋಡಿ, ನೀನು ಸತ್ತೇ ಹೋಗಿದ್ದೀಯ ಅಂದುಕೊಂಡೆ."

"ಸರಿ. ಇದನ್ನ ಯಾವಾಗ ಕೆರೀತೀಯ?"

"ಮೆರಿಯಲ್, ಅದು ಬೇರೆ, ಇದು ಬೇರೆ."

"ಹೇಗೆ ಬೇರೆ?"

"ನಿನ್ನ ಹೆಸರು ನಿನ್ನನ್ನ ಕೇಳದೆ ಯಾರೋ ಹಾಕಿಸಿದ್ದು. ಇದು ನಾನು ಅವಳಿಗೆ ಕೊಟ್ಟ ಮಾತು."

"ಹಾಗಾದ್ರೆ ನನಗೆ ಬಾಗಿಲಲ್ಲಿ ನಿಂತು ಕೊಟ್ಟದ್ದೇನು?"

ಅವನು ಎದ್ದು ಕಲ್ಲಿನ ಮೇಲೆ ಕೈಯಿಟ್ಟ. ತನ್ನ ಹೆಸರಿನ ಮೊದಲಕ್ಷರದ ಮೇಲೆ ಬೆರಳು ಆಡಿಸಿದ, ಹಿಂದೊಮ್ಮೆ ಕಮಾನಿನ ಮೇಲೆ ನನ್ನ ಬೆರಳು ಆಡಿಸಿದ್ದ ಹಾಗೆಯೇ. "ನನ್ನ ಕೈಯಿಂದ ಇಷ್ಟು ಒಳ್ಳೇ ಕೆಲಸ ಇನ್ನೊಂದು ಬಂದಿಲ್ಲ," ಎಂದ. "ಉಳಿ ಇಡೋಕೆ ಆಗಲ್ಲ. ಸ್ವಲ್ಪ ಕಾಲ ಕೊಡು."

"ನಮ್ಮತ್ತೆಗೆ ಒಂದು ಬುಟ್ಟಿ ಬಟಾಣಿ ಸುಲಿಯೋಷ್ಟು ಕಾಲ ಸಾಕಾಯ್ತು, ಎಡ್ಮಂಡ್. ಅವರದ್ದು ಹೆತ್ತ ಹೊಟ್ಟೆ."

ನಾನು ಬಸ್ಸಿನಲ್ಲಿ ಬಂದೆ. ದಾರಿಯುದ್ದಕ್ಕೂ ಅವನು ಕಾರಿನಲ್ಲಿ ಹಿಂದೆ ಬರುತ್ತಾನೆಂದು ಗಾಜಿನಲ್ಲಿ ನೋಡುತ್ತಲೇ ಇದ್ದೆ. ಬರಲಿಲ್ಲ. ಎರಡು ದಿನ ಬಿಟ್ಟು ಬಂದವನು ಅಟ್ಟಣಿಗೆ ಬಿಚ್ಚಿ ಲಾರಿಗೆ ಹಾಕಿ, ಕೀಲಿಕೈಯನ್ನು ಅತ್ತೆಯ ಕೈಗೆ ಕೊಟ್ಟು ಹೋದ. ನಾನು ಮಹಡಿಯ ಕಿಟಕಿಯಲ್ಲಿದ್ದೆ. ಅವನು ಒಮ್ಮೆ ಮೇಲೆ ನೋಡಿದ. ಕೂಗಿದ್ದರೆ ನಿಲ್ಲುತ್ತಿದ್ದ. ನಿಂತು ಮಾಡುವುದೇನಿತ್ತು?

ಅತ್ತೆ ನನ್ನನ್ನು ಒಂದೇ ಒಂದು ಕೇಳಿಕೊಂಡದ್ದು ಬಹಳ ಆಮೇಲೆ, ಹಾಸಿಗೆ ಹಿಡಿದಾಗ.

"ಕ್ಲೆಮೆಂಟ್ ಕೆಳಗೆ ಆ ಜಾಗ ಖಾಲಿ ಇದೆಯಲ್ಲ. ನನ್ನ ಹೆಸರು ಹಾಕಿಸು. ಅವನಿಗೂ ಜೊತೆಯಾಯ್ತು, ನಿನಗೂ ಬಿಡುಗಡೆಯಾಯ್ತು."

"ಈಗಲೇ ಯಾಕೆ ಅತ್ತೆ ಆ ಮಾತು?"

"ಈಗ ಹಾಕಿಸಬೇಡ ಮತ್ತೆ! ಉಸಿರು ನಿಂತದ್ದು ಸರಿಯಾಗಿ ನೋಡಿಕೊಂಡು ಹಾಕಿಸು." ನಗಲು ಹೋಗಿ ಕೆಮ್ಮು ಬಂತು. "ಆ ಪುಡಿ ಹುಬ್ಬಿನವನ ಕೈಯಲ್ಲೇ ಕೆತ್ತಿಸು. ಮನುಷ್ಯ ಹೇಗಾದರೂ ಇರಲಿ, ಅಕ್ಷರ ಚೆಂದ."

ಅವರು ಹೋದ ಮೇಲೆ ಫೋನು ಮಾಡಿದೆ. ಮತ್ತೆ ಏಪ್ರಿಲ್, ಮತ್ತೆ ಅದೇ ಗಾಳಿ, ಬಾಗಿಲಲ್ಲಿ ಅದೇ ಟೋಪಿ. ಹುಬ್ಬಿನ ಪುಡಿಯ ಜೊತೆಗೆ ಈಗ ನಿಜವಾದ ಬಿಳುಪೂ ಸೇರಿತ್ತು.

"ವಿಷಯ ಕೇಳಿ ಬೇಜಾರಾಯ್ತು," ಎಂದ. "ಹೇಗಿದ್ದೀರಿ?"

ಮತ್ತೆ 'ನೀವು' ಆಗಿದ್ದೆ. ನಾನೂ ಅದನ್ನೇ ಹಿಂದಿರುಗಿಸಿದೆ. "ಚೆನ್ನಾಗಿದ್ದೀನಿ. ನಿಮ್ಮ ಹೆಸರು?"

ಏನು ಕೇಳಿದೆನೆಂದು ಅವನಿಗೆ ತಕ್ಷಣ ತಿಳಿಯಿತು. ಟೋಪಿಯ ಅಂಚನ್ನು ತಿರುಗಿಸುತ್ತಾ ನಿಂತ.

"ಇನ್ನೂ ಇದೆ," ಎಂದ.

ನಾನು ಚಹಾ ಕೊಟ್ಟೆ. ಕಪ್ಪು ತೆಗೆದುಕೊಳ್ಳುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿತು. ಇಷ್ಟಾದ ಮೇಲೂ ನನಗೆ ಅವನ ಮೇಲೆ ಆಸೆಯಿತ್ತು. ಅದಕ್ಕಾಗಿ ನನ್ನ ಮೇಲೇ ಸಿಟ್ಟು ಬಂತು.

ಅವನು ಸಂಜೆಯವರೆಗೆ ಕೆತ್ತಿದ. ನನ್ನನ್ನು ಕೆರೆದ ತಗ್ಗಿನಲ್ಲಿ ವಿನಿಫ್ರೆಡ್ ಎಂಬ ಹೆಸರು ಚೆನ್ನಾಗಿ ಕೂತಿತು. ಹುಟ್ಟಿದ ಇಸವಿ ಕೆತ್ತಿ, ಗೀಟು ಎಳೆದು, ಉಳಿ ಕೆಳಗಿಟ್ಟು ನನ್ನ ಕಡೆ ನೋಡಿದ.

"ಇಸವಿ ಹೇಳಿ," ಎಂದ.

ಹೇಳಿದೆ. ಅವನು ಕೊನೆಯ ಅಂಕಿ ಕೆತ್ತಿ ಮುಗಿಸಿ, ಪುಡಿ ಊದಿ, ಹೊರಡುವವರೆಗೂ ನಾನು ಅಲ್ಲೇ ನಿಂತು ಕಾದೆ. ಈ ಸಲ ಯಾರದ್ದೂ ಖಾಲಿ ಉಳಿಯದ ಹಾಗೆ ನೋಡಿಕೊಂಡೆ.