ಬೆರಳು ತೋರಿಸಿದ ರೋಬೋಟ್

ಫೆಬ್ರವರಿ 12ರ ಮಧ್ಯಾಹ್ನ 12:20ಕ್ಕೆ ಶಿಮಿಜು ಬಂದರಿನ ಠಾಣೆಗೆ ದೂರು ಬಂತು. ಟ್ಯೂನಾ ಮೀನಿನ ಶೀತಲಗೃಹದ ಮೇಲ್ವಿಚಾರಕ ಮುರೊತಾ ಕೆಟ್ಟ ದೀಪ ನೋಡಲು ಒಳಗೆ ಹೋದವನು ಹೆಪ್ಪುಗಟ್ಟಿದ ಮೀನಿನ ರಾಶಿಯಡಿ ಸತ್ತಿದ್ದ. ರಾಶಿಯನ್ನು ಅವನ ಮೇಲೆ ತಳ್ಳಿದ್ದು ಒಂದು ರೋಬೋಟ್.

ಮೈನಸ್ ಅರವತ್ತು ಡಿಗ್ರಿಯ ಆ ಕೋಣೆಯಲ್ಲಿ ಮನುಷ್ಯರು ಹೆಚ್ಚು ಹೊತ್ತು ನಿಲ್ಲಲಾಗದು. ರಸ್ತೆಯಾಚೆಯ ಕಟ್ಟಡದಲ್ಲಿ ಆರು ಮಂದಿ ಹೆಡ್‌ಸೆಟ್ ತೊಟ್ಟು ಕೂರುತ್ತಾರೆ. ರೋಬೋಟ್ ಕಂಡದ್ದು ಅವರಿಗೆ ಕಾಣುತ್ತದೆ, ಅವರ ಕೈ ಆಡಿದಂತೆ ಅದರ ಕೈ ಆಡುತ್ತದೆ. ಮಹಜರು ಮುಗಿಸಿ ಇನ್‌ಸ್ಪೆಕ್ಟರ್ ಇನುಯಿ ದಾಖಲೆ ನೋಡಿದ. ರಾಶಿ ಬಿದ್ದ 11:52ಕ್ಕೆ ಆ ರೋಬೋಟ್ ಆರು ಮಂದಿಯಲ್ಲಿ ಒಬ್ಬಳಾದ ಇಪ್ಪತ್ತಾರರ ಕಸುಮಿಯ ಹೆಸರಿನಲ್ಲಿತ್ತು. ಹಿಂದಿನ ದಿನವಷ್ಟೇ ಮುರೊತಾ ಎಲ್ಲರೆದುರು ಅವಳನ್ನು ಬಾಯಿಗೆ ಬಂದಂತೆ ಬೈದಿದ್ದ.

“ಹೆಡ್‌ಸೆಟ್ ಮೇಜಿನ ಮೇಲಿಟ್ಟು ಊಟಕ್ಕೆ ಹೋಗಿದ್ದೆ ಸಾರ್.”

“ಲಾಗ್‌ಔಟ್ ಮಾಡಿದ್ರಾ?”

“ಇಲ್ಲ. ಊಟದ ಹೊತ್ತಿಗೆ ಎಲ್ರೂ ಹಾಗೇ ಎದ್ದು ಹೋಗ್ತೀವಿ, ನಾವ್ಯಾರೂ ಮಾಡಲ್ಲ.”

“ಊಟ ಮಾಡೋದನ್ನ ಯಾರಾದ್ರೂ ನೋಡಿದ್ರಾ?”

“ಮೆಟ್ಟಿಲ ಮೇಲೆ ಒಬ್ಳೇ ಕೂತು ತಿಂದೆ.”

ಅವಳನ್ನು ಬಂಧಿಸಿದರು. ಮೇಲಧಿಕಾರಿಗಳಿಗೆ ಖುಷಿಯಾಯಿತು. ಇನುಯಿಗೆ ಮಾತ್ರ ನಂಬಿಕೆ ಬರಲಿಲ್ಲ. ಲಾಕಪ್ಪಿನಲ್ಲಿ ಆ ಹುಡುಗಿ ದಿನದಿನಕ್ಕೆ ಸೊರಗುತ್ತಿದ್ದಳು.

20ರಂದು ಅವನು ಶೀತಲಗೃಹದ ಕ್ಯಾಮೆರಾ ದೃಶ್ಯವನ್ನು ಮತ್ತೆ ಹಾಕಿಸಿದ. ಹಿರಿಯ ಪೇದೆ ಹೊಸಾಕ ಮುಂದಕ್ಕೆ ಬಾಗಿದ.

“ಸಾರ್, ತಳ್ಳೋಕೆ ಮುಂಚೆ ಬೆರಳು ತೋರಿಸ್ತಿದೆ ನೋಡಿ. ಎಡಕ್ಕೆ, ಬಲಕ್ಕೆ, ಕೆಳಕ್ಕೆ.”

“ಯಂತ್ರ ಕೆಟ್ಟಿತ್ತೇನೋ.”

“ಇಲ್ಲ ಸಾರ್. ನಮ್ಮಪ್ಪ ರೈಲು ಓಡಿಸ್ತಿದ್ರು. ಸಿಗ್ನಲ್ ನೋಡೋವಾಗ ಹೀಗೇ ಬೆರಳು ತೋರಿಸಿ ‘ಸರಿ’ ಅಂತ ಕೂಗ್ಬೇಕು. ಮನೆ ಬಾಗಿಲು ಹಾಕೋವಾಗ್ಲೂ ಹೀಗೇ ಮಾಡೋರು. ಅಮ್ಮ ಬಿದ್ದು ಬಿದ್ದು ನಗೋರು.”

21ರ ಬೆಳಿಗ್ಗೆ ಹತ್ತಕ್ಕೆ ಇನುಯಿ ಉಳಿದ ಐವರಿಗೂ ಹೆಡ್‌ಸೆಟ್ ತೊಡಿಸಿ ಒಂದೊಂದು ಪೆಟ್ಟಿಗೆ ಎತ್ತಿಸಿದ. ನಾಲ್ವರು ಸೀದಾ ಎತ್ತಿದರು. ಐದನೆಯವರು ಅರವತ್ಮೂರರ ಸೆಗಾವಾ, ನಿವೃತ್ತ ರೈಲು ಚಾಲಕರು. ಅವರ ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಅಲ್ಲೇ ನಿಂತಿತು. ಹೆಡ್‌ಸೆಟ್ ತೆಗೆದು ಅವರೇ ಎರಡೂ ಕೈ ಮುಂದೆ ಚಾಚಿದರು.

“ಯಾಕೆ?”

“ನಾವೊಕಿ ನನ್ನ ತಂಗಿ ಮಗ. ರೋಬೋಟ್ ಬರೋ ಮುಂಚೆ, ಅದೇ ಕೋಣೆಯಲ್ಲಿ ಕಪಾಟು ಬಿದ್ದು ಸತ್ತ. ಕಪಾಟು ವಾಲಿದೆ ಅಂತ ಮುರೊತಾಗೆ ಮೂರು ಸಲ ಹೇಳಿದ್ದ. ಮುರೊತಾ ವರದೀಲಿ ‘ಹುಡುಗ ನೋಡದೆ ನಡೆದ’ ಅಂತ ಬರೆದ. ನೋಡಿ ನಡೆಯೋದನ್ನ ಅವನಿಗೆ ಕಲಿಸಿದೋನು ನಾನು, ಸಾರ್.”

“ಕೊಲ್ಲೋವಾಗ್ಲೂ ಬೆರಳು ತೋರಿಸಿದ್ರಲ್ಲ?”

“ರಾಶಿಯಡಿ ಬೇರೆ ಯಾರೂ ಸಿಕ್ಕಿಹಾಕ್ಕೋಬಾರದಲ್ಲ.”

ಇನುಯಿಗೆ ಸಿಟ್ಟು ನೆತ್ತಿಗೇರಿತು. “ಕಸುಮಿ ಸಿಕ್ಕಿಹಾಕ್ಕೊಂಡ್ಳಲ್ಲ! ನಾವೊಕಿ ತಲೆಗೆ ಮುರೊತಾ ಕಟ್ಟಿದ್ದನ್ನೇ ನೀವು ಅವಳ ಹೆಡ್‌ಸೆಟ್ ತೊಟ್ಟು ಅವಳ ತಲೆಗೆ ಕಟ್ಟಿದ್ರಿ.”

“ನಾಳೆ ಹೇಳೋಣ, ನಾಳೆ ಹೇಳೋಣ ಅಂತಿದ್ದೆ...” ಮುದುಕರು ಹಣೆಯನ್ನು ಮೇಜಿಗೆ ಹಚ್ಚಿದರು.

11:15ಕ್ಕೆ ಅವರ ಬಂಧನ ದಾಖಲಾಯಿತು. ನಾಲ್ಕು ಗಂಟೆಗೆ ಕಸುಮಿಯನ್ನು ಬಿಟ್ಟರು. ಸೆಗಾವಾ ಬರೆದುಕೊಟ್ಟ ಕ್ಷಮಾಪಣೆ ಪತ್ರವನ್ನು ಇನುಯಿ ಅವಳ ಕೈಗಿತ್ತ. ಅವಳು ಅದನ್ನು ಬಿಚ್ಚದೆ ಮೇಜಿನ ಮೇಲಿಟ್ಟು ಹೋದಳು.