ನಾಣ್ಯದ ಮುಂದಿಟ್ಟ ನಿಂಬೆಹಣ್ಣು

ನಮ್ಮೂರು ಪಂಜದಲ್ಲಿ ಮೊದಲು ಕಾರು ಓಡಿಸಿದವರು ನನ್ನ ಅಪ್ಪ ಕಿಟ್ಟಣ್ಣ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಕೇಳದಿದ್ದವರಿಗೂ ಹೇಳುತ್ತೇನೆ. ಗಾಡಿ ಹೊರಡಿಸುವ ಮುಂಚೆ ಅವರು ರಬ್ಬರ್ ಹಾರ್ನನ್ನು ಎರಡು ಸಲ ಒತ್ತುತ್ತಿದ್ದರು.

ಅಪ್ಪ ತೀರಿಹೋದ ಮೇಲೆ, ೧೯೭೯ರಲ್ಲಿ, ಹಡಗಿನಲ್ಲಿ ಕೆಲಸಕ್ಕಿದ್ದ ಪ್ರೇಮನಾಥ ಭಾವ ನನಗೊಂದು ಬೆಳ್ಳಿ ನಾಣ್ಯ ತಂದುಕೊಟ್ಟರು. ಹಳೆಯ ಕಾರುಗಳ ನೆನಪಿಗೆಂದು ಯಾವುದೋ ದೇಶದವರು ಹೊರಡಿಸಿದ್ದಂತೆ. ಅದರ ಮೇಲಿದ್ದದ್ದು ಅಪ್ಪ ಓಡಿಸುತ್ತಿದ್ದಂಥದೇ ಕಾರು. ನನ್ನ ಟ್ಯಾಕ್ಸಿ ನಿಲ್ಲುವ ಸ್ಟ್ಯಾಂಡಿನಲ್ಲಿ ನಾನು ಅದನ್ನು ತೋರಿಸದ ಜನವಿಲ್ಲ.

ಆ ವರ್ಷದ ಆಯುಧ ಪೂಜೆಯ ಬೆಳಿಗ್ಗೆ ನಾಣ್ಯವನ್ನೂ ದೇವರ ಕೋಣೆಯಲ್ಲಿಟ್ಟೆ.

“ಇದೂ ಗಾಡಿಯೇ ಅಲ್ವಾ? ಇದಕ್ಕೂ ಒಂದು ನಿಂಬೆಹಣ್ಣು ಇಡಿ ಮಾರಾಯ್ರೆ,” ಎಂದು ಹೆಂಡತಿ ವಾರಿಜಾಕ್ಷಿ ನಕ್ಕಳು.

ಇಟ್ಟೆ. ಬಾಗಿಲೆಳೆದು ಇಬ್ಬರೂ ಅಂಗಳಕ್ಕೆ ಬಂದೆವು. ಚಕ್ರಗಳ ಅಡಿಗಿಟ್ಟ ನಿಂಬೆಹಣ್ಣು ಜಜ್ಜಿ ಟ್ಯಾಕ್ಸಿ ಹೊರಡಿಸಬೇಕು ಎನ್ನುವಾಗ, ಮನೆಯೊಳಗೆ ರಬ್ಬರ್ ಹಾರ್ನ್ ಎರಡು ಸಲ ಕೇಳಿತು.

“ಎಂತ ಅದು?” ಎಂದಳು ವಾರಿಜಾಕ್ಷಿ.

ಹೋಗಿ ನೋಡಿದರೆ ದೇವರ ಕೋಣೆಯಲ್ಲಿ ಪೆಟ್ರೋಲಿನ ವಾಸನೆ. ನಾಣ್ಯ ಮುಟ್ಟಿದೆ; ಆಗಷ್ಟೇ ಮಡಿಕೇರಿ ಘಾಟಿ ಹತ್ತಿಬಂದ ಬಾನೆಟಿನಂತೆ ಸುಡುತ್ತಿತ್ತು. ಅದರ ಮುಂದಿದ್ದ ನಿಂಬೆಹಣ್ಣು ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿತ್ತು. ಮೇಲೆ ಟಯರಿನ ಅಚ್ಚು. ನನ್ನ ಟಯರಿನದ್ದಲ್ಲ.

ಅಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ನಾಣ್ಯದ ಮುಂದೆ ನಿಂಬೆಹಣ್ಣಿಟ್ಟು, ಬಾಗಿಲು ಹಾಕಿ, ಅಂಗಳದಲ್ಲಿ ಸ್ಟೇರಿಂಗ್ ಹಿಡಿದು ಕಾಯುತ್ತೇನೆ. ಒಳಗೆ ಎರಡು ಹಾರ್ನ್ ಆದ ಮೇಲೆಯೇ ನನ್ನ ಟ್ಯಾಕ್ಸಿ ಹೊರಡುವುದು.

ಅಪ್ಪನ ಗಾಡಿ ಮುಂದೆ ಹೋಗಬೇಕಲ್ಲ.